ಏಳರ ಮಗ್ಗಿ

ಅಂಟಾನನರಿವೊದ ಟ್ಯಾಕ್ಸಿಯವರು ನಾವು
ಇಳಿಜಾರು ಬಂತೆಂದರೆ ಕೀಲಿ ತಿರುಗಿಸಿ ಎಂಜಿನ್ನಿನ ಬಾಯಿ ಮುಚ್ಚಿಸುತ್ತೇವೆ.
ಪೆಟ್ರೋಲು ಉಳಿಯುತ್ತದೆ. ಗುಡ್ಡವೇ ಗಾಡಿ ಓಡಿಸುತ್ತದೆ.
ಹಿಂದಿನ ಸೀಟಿನವರ ಪಿಸುಮಾತು ಆಗ
ನನ್ನ ಕಿವಿಗೇ ಹೇಳಿದ ಹಾಗೆ ಕೇಳಿಸುತ್ತದೆ.

ಹಾಗಾಗಿ, ನನ್ನ ಕೆನೆಬಣ್ಣದ ರೆನೋ
ನಿಂತಲ್ಲಿ ನಿಲ್ಲಲಾರದ ಕಾಯಿಲೆಗೆ ಬಿದ್ದದ್ದು ತಿಳಿದಾಗ ತಡವಾಗಿತ್ತು.
ಇಸುಟ್ರಿ ಸಂತೆಯ ಬಾಯಲ್ಲಿ, ಕೋಳಿಬುಟ್ಟಿಗಳ ನಡುವೆ
ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದೆ ನೋಡಿ,
ಯಾರೋ ಹಗ್ಗ ಜಗ್ಗಿದ ಹಾಗೆ ಸದ್ದು ಮೇಲೇರಿತು,
ಸತ್ತೇಹೋಯಿತು ಅನ್ನುವಷ್ಟು ಇಳಿಯಿತು,
ಮತ್ತೆ ಏರಿತು.
ನಾನು ಕಾಲು ಎಲ್ಲೂ ಇಟ್ಟಿರಲಿಲ್ಲ.
ಕೋಳಿಗಳು ಕೂಡ ಕತ್ತು ಹೊರಳಿಸಿ ನನ್ನನ್ನೇ ನೋಡಿದವು.

ಪ್ಲಗ್ಗು ಬಿಚ್ಚಿದೆ. ನಾಲ್ಕೂ ಬೂದಿಬಿಳುಪು.
ಅವು ಆಗಲೇ ಹೇಳಿದ್ದವು, ನನಗೆ ಓದಲು ಬರಲಿಲ್ಲ.
ಪಾಯಿಂಟು ಉಜ್ಜಿದೆ. ಜೆಟ್ಟಿಗೆ ಬಾಯಿಟ್ಟು ಊದಿ
ಮೂರು ದಿನ ಅನ್ನಕ್ಕೆಲ್ಲ ಪೆಟ್ರೋಲಿನ ರುಚಿ.
ಸುಲುಫು ಹೇಳಿದ: ಸ್ಲೋ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡು.
ಅವನ ಭಾವ ಹೇಳಿದ: ಅರ್ಧ ಸುತ್ತು ಸಡಿಲ ಮಾಡು.
ಇಬ್ಬರ ಮಾತೂ ಕೇಳಿದೆ.

ಬಕೂಲಿಗೆ ಎಡಗಿವಿ ಕೇಳಿಸದು. ಬಲಗಿವಿಗೆ
ಎರಡು ಮೊಳದ ರಬ್ಬರ್ ಕೊಳವೆಯ ತುದಿ ಸಿಕ್ಕಿಸಿ
ಇನ್ನೊಂದು ತುದಿಯನ್ನು ಕಾರ್ಬುರೇಟರಿನ ಸುತ್ತ ಆಡಿಸಿದಳು,
ಮಲಗಿದ ಮಗುವಿನ ಮೈಮೇಲಿನ ನೊಣ ಹುಡುಕುವವಳ ಹಾಗೆ.
“ಗುಡುಗುಡು ಕೇಳಬೇಡ,” ಅಂದಳು,
“ಅದರ ಪಕ್ಕದಲ್ಲಿ ಒಂದು ಸುಯ್ ಇದೆ, ಅದನ್ನು ಕೇಳು.”
ನನಗೆ ಎರಡೂ ಕಿವಿ ನೆಟ್ಟಗಿವೆ. ಏನೂ ಕೇಳಲಿಲ್ಲ.
ಸೋಪಿನ ನೀರಲ್ಲಿ ಅದ್ದಿದ ಬ್ರಶ್ಶನ್ನು ಬುಡಕ್ಕೆ ಸವರಿದ್ದೇ ತಡ
ಮೂರು ಉಸಿರಿನಷ್ಟು ಹೊತ್ತು ಎಂಜಿನ್ ಸಮನಾಯಿತು,
ನೊರೆಯನ್ನು ಒಳಗೆಳೆದು ನುಂಗಿತು,
ಮತ್ತೆ ಹಳೆ ರಾಗ.
“ಕಳ್ಳಗಾಳಿ,” ಅಂದಳು. “ಬಾಗಿಲಲ್ಲಿ ಬರುವುದಕ್ಕೆ ಲೆಕ್ಕ ಉಂಟು,
ಬಿರುಕಲ್ಲಿ ನುಗ್ಗುವುದಕ್ಕೆ?”

ಗ್ಯಾಸ್ಕೆಟ್ ಗುರುವಾರ ಬರಬಹುದು, ಅಂದರು ಅಂಗಡಿಯಲ್ಲಿ.
ಯಾವ ಗುರುವಾರ ಎಂದು ಹೇಳಲಿಲ್ಲ.
ಬಕೂಲಿಯ ಕಣ್ಣು ನನ್ನ ಡ್ಯಾಶ್‌ಬೋರ್ಡಿನ ಮೇಲೆ,
ಮಗಳು ಮರೆತುಹೋದ ಲೆಕ್ಕದ ಪುಸ್ತಕದ ಮೇಲೆ ಬಿತ್ತು.
ಬೇಡ ಅನ್ನುವುದರೊಳಗೆ ಹಿಂದಿನ ರಟ್ಟಿಗೆ ಕತ್ತರಿ.
ಹಳೆಯದನ್ನು ಒತ್ತಿಹಿಡಿದು ಪೆನ್ಸಿಲ್ ಎಳೆದಳು,
ತೂತುಗಳನ್ನು ಬೋಲ್ಟಿನಿಂದಲೇ ತಟ್ಟಿ ತೆಗೆದಳು,
ಗ್ರೀಸು ಬಳಿದು ಕೂರಿಸಿದಳು.
ಒಣಗಿ ಹಿಡಿದುಕೊಂಡಿದ್ದ ಆಕ್ಸಿಲೇಟರ್ ಕೇಬಲ್ಲಿಗೆ ಎರಡು ಹನಿ ಎಣ್ಣೆ:
“ಇದು ಬೇರೆ ಕಾಯಿಲೆ. ಎರಡೂ ಒಂದೇ ಚೀಟಿಯಲ್ಲಿ ಬಂದಿವೆ.”
ದುಡ್ಡು ಮಾತ್ರ ಎರಡಕ್ಕೂ ತೆಗೆದುಕೊಂಡಳು.

ಅನೂಸಿ ಕೆರೆಯ ದಂಡೆಯಲ್ಲಿ ಪೊಲೀಸ್ ಸೀಟಿ ಊದಿದ.
ಜಕರಂಡಾ ಹೂ ಬಾನೆಟ್ಟಿನ ಮೇಲೆ ಬಿದ್ದು
ಅಲುಗಾಡದೆ ಅಲ್ಲೇ ಕೂತಿತು.
ಕೊಡೆಯ ಹಿಡಿಯಂಥ ಗೇರಿನ ಮೇಲೆ ಕೈಯಿಟ್ಟೆ:
ಸಣ್ಣ ನಡುಕ, ಒಂದೇ ಸಮ,
ತೂಕಡಿಸುವ ಬೆಕ್ಕಿನ ಬೆನ್ನು.

ರಾತ್ರಿ ಹರಿವೂಲ ರಂಪ ಮಾಡಿದಳು.
ಆರರವರೆಗಿನ ಮಗ್ಗಿ ಮುಂದಿನ ರಟ್ಟಿನಲ್ಲಿ ಹೇಗಿತ್ತೋ ಹಾಗೇ ಇದೆ.
ಏಳು ಎಲ್ಲಿ ಎಂದು ಟೀಚರು ಕೇಳಿದ್ದಕ್ಕೆ
ಅಪ್ಪನ ಕಾರಿನಲ್ಲಿದೆ ಎಂದಳಂತೆ. ನಿಜವನ್ನೇ ಹೇಳಿ ಏಟು ತಿಂದಳು.

ಈ ಬೆಳಿಗ್ಗೆ ಇಳಿಜಾರು ಬಂತು. ಕೈ ತಾನಾಗಿ ಕೀಲಿಗೆ ಹೋಯಿತು.
ಅರ್ಧ ಲೋಟ ಪೆಟ್ರೋಲು ಹೋದರೆ ಹೋಗಲಿ,
ತಿರುಗಿಸಲಿಲ್ಲ.
ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು
ಅನ್ನುತ್ತ ಇಳಿಯಿತು ಗಾಡಿ.
ಏಳೆಂಟ್ಲ ಅನ್ನುವಲ್ಲಿ ಕೊಂಚ ತಡವರಿಸಿತು.
ಅಲ್ಲಿ ನಾನೂ ತಡವರಿಸುತ್ತೇನೆ.