ಇಸವಿ ಕಡ್ಡಾಯ

ಮಾಂಸದ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ
ಊರು ಈಗಲೂ ಏಳುವುದು ಅದರ ಸಿಳ್ಳಿನ ಹೊತ್ತಿಗೇ.
ಗ್ರಂಥಾಲಯದ ಬಾಗಿಲು ನಾನು ತೆಗೆಯುವಾಗ
ಮೆಟ್ಟಿಲ ಮೇಲೆ ಮೂರೋ ನಾಲ್ಕೋ ಮುದುಕರು,
ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ,
ಡಬ್ಬಿಯಲ್ಲಿ ಫೋಟೋ.

ಮೊಂತೆವಿದೆಯೊದಿಂದ ಹೊಸ ತಂತ್ರಾಂಶ ಬಂದಿತ್ತು.
ಅವರು ತರುವುದು, ನಾನು ಸ್ಕ್ಯಾನ್ ಮಾಡುವುದು,
ಅದು ಕೇಳಿದ್ದಕ್ಕೆಲ್ಲ ಉತ್ತರ ತುಂಬಿ
'ಪ್ರಕಟಿಸು' ಒತ್ತುವುದು.
ಒತ್ತಿದರೆ, ಉರುಗ್ವೆ ನದಿಯ ದಂಡೆಯ ಈ ಡಬ್ಬಿ
ಲೋಕದ ಎಲ್ಲ ಗ್ರಂಥಾಲಯಗಳಲ್ಲೂ ತೆರೆದುಕೊಳ್ಳುತ್ತದೆ.
ತರಬೇತಿಯಲ್ಲಿ ಹಾಗಂತ ಹೇಳಿ
ಕಾಫಿ ಕೊಟ್ಟು ಕಳಿಸಿದ್ದರು.

ಕೆಂಪು ನಕ್ಷತ್ರದ ವಿಷಯ ಹೇಳಿರಲಿಲ್ಲ.
ಶೀರ್ಷಿಕೆಯ ಪಕ್ಕ ಒಂದು, ಹಕ್ಕುದಾರರ ಪಕ್ಕ ಒಂದು,
ಇಸವಿಯ ಪಕ್ಕ ಒಂದು.
ನಾಲ್ಕು ಅಂಕಿ ಬೀಳುವ ತನಕ
ಜಪ್ಪಯ್ಯ ಅಂದರೂ ಮುಂದಕ್ಕೆ ಬಿಡದು.

ಕ್ಲೊತಿಲ್ದೆ ತಂದದ್ದರಲ್ಲಿ
ಬಿಳಿ ಏಪ್ರನ್ನಿನ ಹನ್ನೊಂದು ಹೆಂಗಸರು,
ಡಬ್ಬಿಗೆ ಚೀಟಿ ಅಂಟಿಸುವ ವಿಭಾಗ.
ಎಡದಿಂದ ನಾಲ್ಕನೆಯವಳು ತಾನು, ಅಂದಳು,
ನಗು ತಡೆಯಲು ತುಟಿ ಕಚ್ಚಿದವಳು.
ಯಾವ ಇಸವಿ?
"ನದಿ ಬೇಕರಿಯ ಮೂರನೇ ಮೆಟ್ಟಿಲು ಹತ್ತಿತಲ್ಲ,
ಅದರ ಮುಂದಿನ ಚಳಿಗಾಲ."
ಅದೇ, ಯಾವ ಇಸವಿ?
"ಹೇಳಿದೆನಲ್ಲ, ಮೂರನೇ ಮೆಟ್ಟಿಲು.
ನಾಲ್ಕನೆಯದು ಬೇರೆ ವರ್ಷ."

ಊಟದ ಹೊತ್ತು. ಹಿಂದೆ ಸಾಲು.
೧೯೫೯ ಎಂದು ಹೊಡೆದೆ.
ನಕ್ಷತ್ರ ಆರಿತು. ಹಸಿರು ಟಿಕ್ಕು.
ನಿಜಕ್ಕೆ ಹಾಕುವ ಟಿಕ್ಕೇ.

ಹದಿನೈದು ದಿನಕ್ಕೆ ಕ್ಲೊತಿಲ್ದೆ ಮತ್ತೆ ಬಂದಳು,
ಕೋಟಿನ ಗುಂಡಿ ಮೇಲೆ ಕೆಳಗಾಗಿತ್ತು.
ಮೊಮ್ಮಗ ಫೋನಿನಲ್ಲಿ ತೋರಿಸಿದ್ದನಂತೆ.
"ಐವತ್ತೊಂಬತ್ತರಲ್ಲಿ ಮುಷ್ಕರ.
ಐದು ತಿಂಗಳು ನಾನು ಗೇಟಿನ ಹೊರಗೆ,
ಅಕ್ಕನ ಮನೆಯ ಗಂಜಿಯಲ್ಲಿ.
ಒಳಗೆ ಹೋದವರು ಯಾರು ಗೊತ್ತೇನೆ?
ಟಗರುಗಳು."
ಮುಷ್ಕರ ಮುರಿದವರಿಗೆ ಇಲ್ಲಿ ಹಾಗನ್ನುತ್ತಾರೆ,
ಇಂದಿಗೂ ಕೆಲವು ಮನೆಗಳ ಮುಂದೆ
ದನಿ ತಗ್ಗಿಸಿ.
"ನೀನು ನನ್ನನ್ನು ಟಗರು ಮಾಡಿದೆ,
ಏಪ್ರನ್ ಸಮೇತ."

ತಂತ್ರಜ್ಞ ವಾಷಿಂಗ್ಟನ್ ಪೆರ್ದೋಮೊಗೆ ಫೋನು ಮಾಡಿದೆ.
ಹೆಸರೇನೋ ರಾಜಧಾನಿಯದು, ಹುಡುಗ ನಮ್ಮ ಪಕ್ಕದ ಊರಿನವನೇ.
ಇಸವಿ ಇಲ್ಲದಿದ್ದರೆ ಜೋಡಿಸುವುದು ಹೇಗೆ, ಅಂದ,
ಹುಡುಕುವವರಿಗೆ ಕಷ್ಟ.
ಹುಡುಕುವುದೆಂದರೆ ಕಷ್ಟವೇ ಅಲ್ಲವೇನಪ್ಪಾ, ಅಂದೆ.
ಆ ಕಡೆಯಿಂದ ಸೋರೆಬುರುಡೆಯ ಕಷಾಯ
ಕೊಳವೆಯಲ್ಲಿ ಸೊರ್ರೆಂದು ಮುಗಿದ ಸದ್ದು.
ಮೂಲ ಸಂಕೇತ ತೆರೆದೇ ಇದೆ, ಬೀಗವೇನಿಲ್ಲ, ಅಂದ.
ಒಂದೇ ಒಂದು ಸಾಲು ಅಳಿಸಿದ.

ಈಗ ಅಲ್ಲಿ 'ಯಾವಾಗ' ಎಂದಷ್ಟೇ ಇದೆ,
ಮುಂದೆ ಉದ್ದಕ್ಕೆ ಖಾಲಿ ಜಾಗ.
ಮೂರನೇ ಮೆಟ್ಟಿಲಿನ ಮುಂದಿನ ಚಳಿಗಾಲ.
ಲಾಂಚಿಗೆ ಹೊಸ ಬಣ್ಣ ಬಳಿದ ವಾರ.
ಮಾದರಿ ಡಬ್ಬಿಯಲ್ಲಿ ನೊಣ ಸಿಕ್ಕ ದಿನ, ಗುರುವಾರವಿರಬೇಕು.
ಗರಗಸದ ವಿಭಾಗದ ಎಲೆಉತೆರಿಯೊ
ತನ್ನ ಚಿತ್ರಕ್ಕೆ ಬರೆಸಿದ್ದು:
ಈ ಎರಡು ಬೆರಳು ಇನ್ನೂ ನನ್ನವಾಗಿದ್ದಾಗ.
'ಬೆರಳು' ಎಂದು ಹುಡುಕಿದೆ, ನೋಡೋಣವೆಂದು.
ಒಂಬತ್ತು ಚಿತ್ರ ಬಂದವು.
ಕಿಟಕಿ ತೆಗೆದು ಸ್ವಲ್ಪ ಹೊತ್ತು ನಿಂತೆ.

ಆದರೆ ಆ ಹದಿನೈದು ದಿನಗಳಲ್ಲಿ
ಯಾವ್ಯಾವುದೋ ಊರಿನ ಭಂಡಾರಗಳು
ನಮ್ಮದನ್ನು ಎಳೆದು ತಮ್ಮಲ್ಲಿಟ್ಟುಕೊಂಡಿದ್ದವು.
ಹಂಚುವುದೆಂದರೆ ಅದೇ. ನಾನೇ ಒಪ್ಪಿಗೆ ಒತ್ತಿದ್ದೆ.
ಅಲ್ಲೆಲ್ಲ ಅವಳು ಈಗಲೂ ಐವತ್ತೊಂಬತ್ತರಲ್ಲಿ
ತುಟಿ ಕಚ್ಚಿ ಚೀಟಿ ಅಂಟಿಸುತ್ತಿದ್ದಾಳೆ.
ಸೋಮವಾರಕ್ಕೊಂದು ಪತ್ರ ಬರೆಯುತ್ತೇನೆ.
ಇಬ್ಬರು ತಿದ್ದಿದರು.
ಒಬ್ಬರು ಆಧಾರ ಕೇಳಿದ್ದಾರೆ.

ಬೇಕರಿಗೆ ಹೋಗಿ ಮೆಟ್ಟಿಲಿನ ಫೋಟೋ ತೆಗೆದು ಕಳಿಸಿದೆ.
ಕ್ಲೊತಿಲ್ದೆಗೆ ಇದ್ಯಾವುದನ್ನೂ ಹೇಳಿಲ್ಲ.