ಬಿಳಿ ಕೂಡಿಸೂದು

ಕೈಗಾಡಿ ಮ್ಯಾಲ, ಕೌದಿ ಸುತ್ತಿಕೊಂಡು
ಬಾಣಂತಿಯಂಗ ಬಂತು ಬೆಟಗೇರಿಯಿಂದ
ಇಪ್ಪತ್ತೊಂದು ಇಂಚಿನ ಕಲರ್ ಡಬ್ಬಿ.
ಹಿಂದ ರುಕ್ಮಾಬಾಯಿ ಬಾಕಳೆ,
ಉಗುರಿನ ಸಂದಿನಾಗ ಇನ್ನೂ ನೂಲಿನ ಬಣ್ಣ.

"ಇನ್ನೂ ಯಾಕ ಇದು, ಅಕ್ಕಾರ?"
"ಹೊಸಾದರ ಮ್ಯಾಲ ಕಂಡಿಕಿ ಬುಟ್ಟಿ ಕೂಡೂದಿಲ್ಲೋ ದಾವಲಸಾಬ,
ಬರೇ ಹಲಗಿ ಅದು."

ಹಚ್ಚಿದೆ. ಮೊದಲ ಚಲೋನ ಬಂತು ಚಿತ್ರ,
ಕಾದ ಮ್ಯಾಲ ಒಮ್ಮೆಲೇ ಕೆಂಪು,
ಬಣ್ಣದ ಹಂಡೇದಾಗ ಅದ್ದಿ ತೆಗೆದಂಗ,
ಮೈತುಂಬ ಓರೆ ಗೆರಿ.
ಹಿಂದಿನ ಮುಚ್ಚಳ ಬಿಚ್ಚಿ
ಟ್ಯೂಬಿನ ಕುತ್ತಿಗಿಗೆ ಹಿಡಿಕೀಲೆ ಮೆಲ್ಲಕ ಬಡಿದೆ: ಹೋತು.
ಇನ್ನೊಮ್ಮೆ ಬಡಿದೆ: ಬಂತು.
ತಿಳೀತು. ಗಾಜಿನೊಳಗ ಕೆಂಪಿನ ಕ್ಯಾಥೋಡಿಗೆ
ಹೀಟರಿನ ಎಳಿ ಹತ್ತೈತಿ.

ಬಂದ್ ಮಾಡಿದೆ. ಬಂದ್ ಮಾಡಿದರೂ
ಹೊಟ್ಟ್ಯಾಗ ಇಪ್ಪತ್ತು ಸಾವಿರ ವೋಲ್ಟಿನ ಸಿಟ್ಟು ಉಳಿದಿರತೈತಿ;
ರಬ್ಬರ್ ಟೊಪಿಗಿ ಕೆಳಗ ಸ್ಕ್ರೂಡ್ರೈವರ್ ತೂರಿಸಿ
ಟಪ್ ಅನ್ನಿಸಿದ ಮ್ಯಾಲನ ಕೈ ಹಾಕಬೇಕು,
ಅದೂ ಒಂದ ಕೈ. ಇನ್ನೊಂದು ಕಿಸೇದಾಗ.
ಉಸ್ತಾದ ಎಲ್ಲಾಕ್ಕಿಂತ ಮೊದಲ ಕಲಿಸಿದ್ದು ಇದನ್ನ,
ಒಂದು ಲಪ್ಪರಿ ಕೊಟ್ಟು.

ಒಳಗ ಕೈ ಹೋಗೂದಿಲ್ಲ.
ಗಾಳಿ ಹೀರಿ ಬಾಯಿ ಮುಚ್ಚಿದ ಶೀಸೆ ಅದು.
ಬಿಡಸಾಕ ಬಾರದ ಗಂಟನ್ನ ನೆಲದಿಂದರ ಬಿಡಿಸಬೇಕು:
ಹೀಟರಿನ ಹಳೇ ದಾರಿ ಕಡಿದು
ಫ್ಲೈಬ್ಯಾಕ್ ಕೋರಿಗೆ ದಪ್ಪ ತೊಗಲಿನ ವಾಯರು
ಎರಡು ಸುತ್ತು ಸುತ್ತಿ ಬ್ಯಾರೆ ಅನ್ನ ಕೊಟ್ಟೆ.
ಹತ್ತಿದ್ದು ಹತ್ತಿಕೊಂಡ ಇರಲಿ,
ಕೆಂಪಿನ ಕೂಡ ತಾನೂ ತೇಲಲಿ.
"ಬ್ಯಾನಿ ಹೋತೇನೋ?"
"ಇಲ್ಲ ಅಕ್ಕಾರ. ಬ್ಯಾನೀಗೆ ಬ್ಯಾರೆ ಖೋಲಿ ಮಾಡಿ ಕೊಟ್ಟೀನಿ."

ಉಳಿದದ್ದು ಬಿಳಿ ಕೂಡಿಸೂದು.
ಖುರ್ಚಿ ಮ್ಯಾಲ ಕನ್ನಡಿ ಎದುರಿಗಿಟ್ಟು
ನಾ ಬೆನ್ನಿನ ಕಡೆ ಕುಂತೆ. ಮೂರು ತಿರುಪು,
ಕೂದಲೆಳಿಯಷ್ಟು ಇತ್ತ, ಕೂದಲೆಳಿಯಷ್ಟು ಅತ್ತ.
ಯಾಕೋ ಹಳದಿ ಹೊಡೀತಿತ್ತು. ನೀಲಿ ಏರಿಸಿದೆ.
ಇನ್ನೂ ಹಳದಿ.
ಲುಂಗೀಲೆ ಕನ್ನಡಿ ಒರಿಸಿ, ಮತ್ತ ಏರಿಸಿದೆ.

"ಬಿಳಿ ಬಂತು."
ರುಕ್ಮಾಬಾಯಿ ಸುಮ್ಮನಿದ್ದಳು. ಆಮ್ಯಾಲ,
"ಬಿಳಿ ಅಲ್ಲೋ ತಮ್ಮಾ. ನೀಲಿ ಹೆಚ್ಚಾದ ಧೋತರ ಇದು."
"ಕನ್ನಡಿ ಹಳೇದೈತಿ, ಅದಕ್ಕ..."
"ನಾ ಕನ್ನಡಿ ನೋಡವಲ್ಲೆ. ಡಬ್ಬಿ ನೋಡಾಕತ್ತೀನಿ."

ಎದ್ದು ಮುಂದ ಬಂದೆ. ನನಗ ಬಿಳೀನ ಐತಿ.
ಒಂದೊಂದ ಗನ್ನು ಬಂದ್ ಮಾಡಿ ಪರೀಕ್ಷಾ ಮಾಡಿದಂಗ
ಎಡಗಣ್ಣು ಮುಚ್ಚಿ ನೋಡಿದೆ, ಬಲಗಣ್ಣು ಮುಚ್ಚಿ ನೋಡಿದೆ.
ಹೊರಗ, ಎದುರಿನ ಪ್ರೆಸ್ಸಿನ ಕಟ್ಟಿ ಮ್ಯಾಲ
ಈಗಷ್ಟ ಇಳಿಸಿದ ಕಾಗದದ ರಿಮ್ಮು.
ಯಾವತ್ತಿನಿಂದ ಅವು ಚಹಾದ ಬಣ್ಣ ಆದವು?

ಎರಡು ವರ್ಷದಾಗ ನನ್ನ ಕೈಯಿಂದ ಹೋದ ಏಳೋ ಎಂಟೋ ಡಬ್ಬಿ.
ಆ ಮನಿಗಳಾಗ ವಧು-ವರ, ಮಂತ್ರಿ, ಮೊಸರಿನ ಜಾಹೀರಾತು,
ಎಲ್ಲಾ ನೀಲಿಗಟ್ಟಿರಬೇಕು.
ಯಾರೂ ಬಂದು ಹೇಳಲಿಲ್ಲ.

ಕನ್ನಡಿ ಬೋರಲ ಹಾಕಿ ಮತ್ತ ಕುಂತೆ.
"ನೀಲಿ ಇಳಸು. ಇನ್ನೀಟು. ಹಸರು ಮುಟ್ಟಬ್ಯಾಡ.
ಕೆಂಪು ಒಂದೆಳಿ... ಹಾಂ, ನಿಂದರು.
ಇದು ನೋಡು ಬಿಳಿ, ಗಂಜಿ ಕಾಣದ ಹತ್ತಿ ನೂಲು."

ನೋಡಲಿಲ್ಲ ನಾ.
ತಿರುಪು ಅಲುಗದಂಗ
ಮಗಳ ಉಗುರುಬಣ್ಣ ಒಂದೊಂದ ಹನಿ ಹಚ್ಚಿದೆ.
ಕೆಂಪು ಅಂತ ಶೀಸೇ ಮ್ಯಾಲ ಬರದಿತ್ತು.