ಹರ್ಮಟ್ಟಾನ್ ಬಂದ ಮೇಲೆ

ಮಳೆಗಾಲದಲ್ಲಿ ಆಗದು. ಮೇಡಂ ಸುಹುಯಿನಿಗೂ ಗೊತ್ತು, ನನಗೂ.
ಜುಲೈನ ತಮಾಲೆಯಲ್ಲಿ ಗಾಳಿಯೇ ಒದ್ದೆ ಬಟ್ಟೆ;
ಉಜ್ಜಿದ್ದೆಲ್ಲ ಉಜ್ಜಿದ ಕೈಯಲ್ಲೇ ಇಂಗಿ
ಮೀಟರಿನ ಮುಳ್ಳು
ಸೊನ್ನೆ ಬಿಟ್ಟೇಳದ ಕತ್ತೆ.

ಡಿಸೆಂಬರಿಗೆ ಸಹಾರಾ ತನ್ನ ಚಾಪೆ ಕೊಡವುತ್ತದೆ.
ಸೂರ್ಯ ಮಾಸಿದ ತಟ್ಟೆ.
ತುಟಿ ಬಿರಿಯುತ್ತದೆ, ಹಿಮ್ಮಡಿ ಬಿರಿಯುತ್ತದೆ,
ರಾತ್ರಿ ಬೆಂಚಿನ ಹಲಗೆಯೂ ಟಪ್ಪೆಂದು ಸೀಳುತ್ತದೆ.
ಆಗ ಮೇಡಂ ಬಾಗಿಲಲ್ಲಿ ನಿಂತು:
"ಬಾ ಜಿಬಿಲಿಮ್, ಪೆಟ್ಟಿಗೆ ಇಳಿಸಿ. ಗಾಳಿ ಬಂತು."

ಇಳಿಸುತ್ತೇನೆ. ಹತ್ತೊಂಬತ್ತು ವರ್ಷದಿಂದ ಇಳಿಸುತ್ತಿದ್ದೇನೆ.
ಮೀಟರು, ಎರಡು ತಂತಿ, ಮೈಲೋ ಡಬ್ಬಿ,
ಡಬ್ಬಿ ಕೂರಲು ಥರ್ಮೊಕೋಲಿನ ಮಣೆ,
ಹಿಡಿಕೆಯ ಬಿಲ್ಲೆ ಎರಡು: ಒಂದಕ್ಕೆ ಉಣ್ಣೆ, ಒಂದಕ್ಕೆ ಪ್ಲಾಸ್ಟಿಕ್.
ಮಕ್ಕಳು ಮುತ್ತುತ್ತಾರೆ.

ಆವೇಶ ಅಂದರೆ ಕುಣಿತವಲ್ಲ, ಮೇಡಂ ಹೇಳುತ್ತಾರೆ,
ಕಣ್ಣು ಕೆಂಪಾಗುವುದಲ್ಲ, ಕೂಗಲ್ಲ.
ಬಿಲ್ಲೆಯ ಮೇಲೆ ಸುಮ್ಮನೆ ಕೂತಿರುತ್ತದೆ;
ಮುಟ್ಟಿದಿರೋ, ನಿಮ್ಮ ಮೈ ಹಿಡಿದು ಮಣ್ಣಿಗಿಳಿಯುತ್ತದೆ.
ಡಬ್ಬಿಯೊಳಗೆ ಇಳಿಸಿ, ಗೋಡೆಗೆ ತಾಗಿಸದೆ. ಲೆಕ್ಕ ಡಬ್ಬಿ ಹೇಳುತ್ತದೆ.

ನಪಾರಿ ಉಜ್ಜಿದ, ಹಲ್ಲು ಕಚ್ಚಿ ಉಜ್ಜಿದ,
ಎರಡನ್ನೂ ಒಟ್ಟಿಗೆ ಇಳಿಸಿದ.
ಸೊನ್ನೆ.
"ಏನೂ ಆಗಿಲ್ಲ ಮೇಡಂ."
"ಒಂದನ್ನು ಹೊರಗೆ ತೆಗಿ."
ಉಣ್ಣೆ ಹೊರಬಂತು. ಮುಳ್ಳು ಎಡಕ್ಕೆ ಜಿಗಿಯಿತು:
ಮೈನಸ್ ಹನ್ನೆರಡು ನ್ಯಾನೋಕೂಲಂಬ್.
ಇಡೀ ತರಗತಿ ಉಸಿರೆಳೆದ ಸದ್ದು.

ಪ್ಲಾಸ್ಟಿಕ್ ತೆಗೆದು, ಉಣ್ಣೆ ಇಳಿಸಿ: ಪ್ಲಸ್ ಒಂಬತ್ತು.
ಹಿಂದಿನ ಬೆಂಚಿನ ಸನಾತು ಆಗಲೇ ಬರೆದಾಗಿತ್ತು:
ಮೈನಸ್ ಹನ್ನೆರಡು, ಪ್ಲಸ್ ಹನ್ನೆರಡು,
ಕೆಳಗೆ ಎರಡು ಗೆರೆ, ಕೆಂಪು ಶಾಯಿಯಲ್ಲಿ.
ಮೇಡಂ ಆ ಪುಟ ನೋಡಿದರು. "ಚಂದ ಇದೆ," ಅಂದರು,
"ನಿನ್ನ ಮುಳ್ಳು ಯಾವ ಊರಿನದು?"
ಸನಾತು ಪುಟ ಮುಚ್ಚಿದಳು.

"ಮೂರು ಎಲ್ಲಿ ಹೋಯಿತು?" ನಪಾರಿ ಬಿಡಲಿಲ್ಲ.
ಗಂಟೆ ಹೊಡೆದರೂ ಬಿಡಲಿಲ್ಲ.
ಬೆಂಚಿನ ಕೆಳಗೆ ಬಗ್ಗಿ ಸಹ ನೋಡಿದ, ಮರ್ಯಾದೆಯಿಂದ,
ಬಿದ್ದ ನಾಣ್ಯ ಹುಡುಕುವ ಹಾಗೆ.

ನಾನು ಉಣ್ಣೆಯ ಬಿಲ್ಲೆ ಎತ್ತಿ ಪೆಟ್ಟಿಗೆಗಿಡುವಾಗ
ಹಿಡಿಕೆ ಬೆಳಕಿಗೆ ಹಿಡಿದೆ.
ಅದರ ಮೇಲೆ ತೆಳುವಾಗಿ ಶಿಯಾ ಬೆಣ್ಣೆ.
ಬಿರಿದ ನನ್ನ ಕೈಗೆ ಹಚ್ಚಿಕೊಂಡದ್ದು,
ಹಿಡಿಕೆಯೂ ಬಿರಿಯದಿರಲೆಂದು ಪ್ರತಿ ವರ್ಷ
ಅದಕ್ಕೂ ಒಂದಿಷ್ಟು ಸವರಿದ್ದು.
ಹತ್ತೊಂಬತ್ತು ವರ್ಷ. ಎಷ್ಟು ಮಕ್ಕಳ ಎಷ್ಟು ಮೂರುಗಳು
ನನ್ನ ಅಕ್ಕರೆಯ ಜಿಡ್ಡಿನ ಮೇಲೆ ನಡೆದು
ಯಾರ ಯಾರ ಬೆರಳಿಗೋ ಇಳಿದವು.

ರಾತ್ರಿ ಸ್ಪಿರಿಟ್ ಹಾಕಿ ಒರೆಸಿದೆ.
ಬೆಳಿಗ್ಗೆ ಮೈನಸ್ ಹನ್ನೆರಡು, ಪ್ಲಸ್ ಹನ್ನೊಂದು.
"ಇನ್ನೊಂದು?" ನಪಾರಿ
ಮೇಡಮ್ಮನ್ನಲ್ಲ, ನನ್ನನ್ನು ನೋಡಿದ.

ಎರಡೂ ಕೈ ಜೇಬಿಗೆ ತುರುಕಿಕೊಂಡೆ.